‘ಬಂದ್’ ಪಕ್ಕದ ಖಾಲಿ ಜಾಗ

ನಮ್ಮ ಸೋದರಮಾವ ದಾವಣಗೆರೆಯಲ್ಲಿ ಪೇಪರ್ ಏಜೆಂಟ್. ಮೂವತ್ತು ವರ್ಷದ ಮೇಲಾಯಿತು. ನನ್ನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬ್ಯಾನರ್, ತಿಥಿ ಕಾರ್ಡು, ಕರಪತ್ರ, ಪೇಪರಿಗೆ ಕೊಡುವ ಶ್ರದ್ಧಾಂಜಲಿ, ಹೀಗೆ. ಪೇಪರಿನೊಳಗೆ ಇಟ್ಟು ಹಂಚುವ ಕರಪತ್ರ ಇದ್ದ ದಿನ ಬೆಳಿಗ್ಗೆ ನಾಲ್ಕೂವರೆಗೆ ನಾನೇ ಕಟ್ಟು ತಗೊಂಡು ಮಾವ ಕೂರುವ ಜಾಗಕ್ಕೆ ಹೋಗುತ್ತೇನೆ.

ಪಿ.ಬಿ. ರಸ್ತೆ ಹತ್ತಿರ, ಶಟರ್ ಎಳೆದ ಅಂಗಡಿಯ ಮುಂದಿನ ಕಟ್ಟೆ. ಮೇಲೊಂದು ಟ್ಯೂಬ್‌ಲೈಟು. ವ್ಯಾನಿನಿಂದ ಕಟ್ಟುಗಳು ದೊಪ್ಪನೆ ಬೀಳುತ್ತವೆ. ಮಾವ ಬ್ಲೇಡಿನಿಂದ ದಾರ ಕೊಯ್ದು, ಪುರವಣಿಯನ್ನು ಪೇಪರಿನೊಳಗೆ ಸರಸರ ತೂರಿಸುತ್ತಾ ಹೋಗುತ್ತಾರೆ. ನನ್ನ ಕರಪತ್ರವೂ ಅದರ ಜೊತೆಗೇ ಸೇರುತ್ತದೆ. ಐದೈದು ಎಣಿಸಿ ಅಡ್ಡಡ್ಡ ಇಡುತ್ತಾರೆ. ಮನೆಮನೆಗೆ ಪೇಪರ್ ಹಾಕುವ ಲೈನ್ ಹುಡುಗರು ಒಬ್ಬೊಬ್ಬರೇ ಸೈಕಲ್ ತಂದು ನಿಲ್ಲಿಸುತ್ತಾರೆ. ಮಳೆ ಹನಿ ಇದ್ದರೆ ಎಲ್ಲರ ಕಣ್ಣೂ ಪ್ಲಾಸ್ಟಿಕ್ ಹಾಳೆ ಮೇಲೆ.

ಮಾವನ ಹತ್ತಿರ ಉದ್ದನೆಯ ಒಂದು ಲೆಕ್ಕದ ಪುಸ್ತಕ ಇದೆ. ಒಂದೊಂದು ಲೈನಿಗೆ ಒಂದೊಂದು ಹಾಳೆ. ಮನೆ ನಂಬರ್ ಇಲ್ಲ. ‘ನೀಲಿ ಗೇಟು’, ‘ಮೇಷ್ಟ್ರ ಮನೆ’, ‘ಬೇವಿನ ಮರ, ಮಹಡಿ ಮೇಲೆ’. ಎದುರಿಗೆ ಯಾವ ಪೇಪರ್ ಎಂದು. ಬಿಟ್ಟವರ ಎದುರಿಗೆ ಕೆಂಪು ಪೆನ್ನಿನಲ್ಲಿ ಒಂದೇ ಪದ: ಬಂದ್. ಅದರ ಪಕ್ಕ ಖಾಲಿ.

ಕೆಲವು ಹಾಳೆಗಳಲ್ಲಿ ಕೆಂಪು ಜಾಸ್ತಿಯಾಗಿದೆ. ಅದನ್ನು ನೋಡಿದರೆ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ. ನಾನು ಮೊದಲು ಆರು ವರ್ಷ ಹರಿಹರದ ಕಡೆ ಅರೆಕಾಲಿಕ ವರದಿಗಾರನಾಗಿದ್ದೆ. ಪೇಪರಿನ ಮೇಲೆ ನನಗೆ ಇವತ್ತಿಗೂ ಮೋಹ ಇದೆ.

ಒಂದು ಜುಲೈ 1ರಂದು, ಪತ್ರಿಕಾ ದಿನಾಚರಣೆಗೆ ಹೋಗಿದ್ದೆ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರು ಸಮಾಚಾರ’ ಶುರು ಮಾಡಿದ್ದರಿಂದ ಆ ದಿನ. ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ ಬಂದದ್ದು. ವೇದಿಕೆ ಮೇಲಿದ್ದ ಹಿರಿಯರೊಬ್ಬರು ಬಹಳ ನೊಂದು ಮಾತಾಡಿದರು. ‘ಪತ್ರಿಕೆಗಳ ಪ್ರಸಾರ ಇಳೀತಾ ಇದೆ. ಅಂದರೆ ಜನ ಓದೋದನ್ನೇ ಬಿಟ್ಟಿದ್ದಾರೆ. ಓದದ ಜನಕ್ಕೆ ಒಳ್ಳೆ ಪತ್ರಿಕೆ ಯಾಕೆ ಬೇಕು?’ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮನೆಗೆ ಬಂದ ಮೇಲೆ ಆ ‘ಅಂದರೆ’ ತಲೆಯಲ್ಲಿ ಕೂತುಬಿಟ್ಟಿತು.

ನಮ್ಮ ಮಾತಿನಲ್ಲಿ ‘ಅಂದರೆ’, ‘ಹಾಗಾಗಿ’, ‘ಅಲ್ವಾ’, ಈ ಮೂರು ಪದ ಬಂದ ಕಡೆ ಸ್ವಲ್ಪ ನಿಲ್ಲಬೇಕು ಅನ್ನಿಸುತ್ತದೆ. ಎರಡು ಮಾತುಗಳ ನಡುವೆ ಅವು ಹಲಗೆ ಹಾಸಿದ ಹಾಗೆ. ಕೆಳಗೆ ಗುಂಡಿ ಇದೆಯೋ ಇಲ್ಲವೋ ಕಾಣುವುದಿಲ್ಲ, ದಾಟಿಬಿಡುತ್ತೇವೆ. ‘ಅಲ್ವಾ’ ಅಂತೂ ನಮ್ಮಿಂದ ಹೂಂ ಅನ್ನಿಸಿಕೊಂಡೇ ಮುಂದೆ ಹೋಗುತ್ತದೆ.

ನಮ್ಮ ಹಳೆಯ ತರ್ಕಶಾಸ್ತ್ರದವರು, ಅಂದರೆ ನ್ಯಾಯದರ್ಶನದವರು, ಈ ಹಲಗೆಯನ್ನು ಎತ್ತಿ ನೋಡಲು ಒಂದು ದಾರಿ ಮಾಡಿದ್ದರು. ಅವರ ಪ್ರಕಾರ ವಾದಕ್ಕೆ ಐದು ಭಾಗ. ಇಲ್ಲಿ ಮೊದಲ ಮೂರು ಸಾಕು. ಬೆಟ್ಟದಲ್ಲಿ ಬೆಂಕಿ ಇದೆ. ಯಾಕೆ? ಹೊಗೆ ಇದೆ. ನಾವೆಲ್ಲ ಇಲ್ಲಿಗೇ ಮಾತು ಮುಗಿಸುತ್ತೇವೆ. ಅವರು ಬಿಡುತ್ತಿರಲಿಲ್ಲ. ಮೂರನೆಯದಾಗಿ, ‘ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಇರುವ ಹಾಗೆ’ ಎಂದು ಉದಾಹರಣೆ ಸಮೇತ ಬಾಯಿಬಿಟ್ಟು ಹೇಳಬೇಕಿತ್ತು. ಮನಸ್ಸಿನಲ್ಲಿ ಇಟ್ಟುಕೊಂಡ ಸಾಲನ್ನು ಹೊರಗೆ ತರಿಸುವ ಉಪಾಯ ಅದು.

ಅವರದೇ ಇನ್ನೊಂದು ಮಾತು ನನಗೆ ಇನ್ನೂ ಇಷ್ಟ. ಹೊಗೆ ಇದ್ದಲ್ಲಿ ಬೆಂಕಿ, ಸರಿ. ಹಾಗಂತ ಬೆಂಕಿ ಇದ್ದಲ್ಲೆಲ್ಲ ಹೊಗೆ ಅನ್ನುವ ಹಾಗಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆ ಬೇಕು. ಯಾರೂ ಹೇಳದೆ ಒಳಗೆ ಕೂತಿರುವ ಆ ಹಸಿ ಸೌದೆಗೆ ಅವರು ಇಟ್ಟ ಹೆಸರು ಉಪಾಧಿ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಹತ್ತಿರ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಲೆಗೆ ಏನು ಹಾಕಿದ್ದಾರೋ ಅದರ ಮೇಲೆ ಹೊಗೆ.

ಹಿರಿಯರ ಮಾತಿಗೆ ಮೂರನೆಯ ಭಾಗ ಸೇರಿಸಿ ನೋಡಿದೆ. ‘ಎಲ್ಲೆಲ್ಲಿ ಪ್ರತಿ ಇಳಿಯುತ್ತದೋ ಅಲ್ಲಲ್ಲಿ ಓದು ಇಳಿಯುತ್ತದೆ, ಉದಾಹರಣೆಗೆ...’ ಅಲ್ಲೇ ಸಿಕ್ಕಿಕೊಂಡೆ. ನೆನಪಿಗೆ ಬಂದದ್ದು 2020ರ ಲಾಕ್‌ಡೌನ್. ಪೇಪರಿನಿಂದ ಸೋಂಕು ಬರುತ್ತದೆ ಎಂದು ಜನ ಹೆದರಿದ್ದರು. ಲೈನ್ ಹುಡುಗರನ್ನು ಗೇಟಿನ ಒಳಗೆ ಬಿಡುತ್ತಿರಲಿಲ್ಲ. ಮಾವನ ಕಟ್ಟುಗಳು ಸಣ್ಣಗಾಗಿ ಹೋದವು. ಆದರೆ ಜನ ಸುದ್ದಿಗೆ ಅಷ್ಟು ಹಸಿದಿದ್ದನ್ನು ನಾನು ಬೇರೆ ಯಾವಾಗಲೂ ಕಂಡಿಲ್ಲ. ಪ್ರತಿ ಇಳಿದಿತ್ತು, ಓದು ಏರಿತ್ತು. ಇದೇ ನನ್ನ ಕಬ್ಬಿಣದ ಗುಂಡು. ಇದರ ಉಲ್ಟಾವೂ ಆಗಿದೆ. 1999ರಲ್ಲಿ ‘ವಿಜಯ ಕರ್ನಾಟಕ’ ಬಂದ ಮೇಲೆ ಕನ್ನಡ ಪತ್ರಿಕೆಗಳು ಬೆಲೆ ಇಳಿಸುವ ಪೈಪೋಟಿಗೆ ಬಿದ್ದವು. ಎರಡೆರಡು ಪೇಪರ್ ಹಾಕಿಸಿಕೊಂಡ ಮನೆಗಳು ನಮ್ಮ ಓಣಿಯಲ್ಲೇ ಇದ್ದವು. ಎರಡನ್ನೂ ಓದುತ್ತಿದ್ದರಾ? ನಮ್ಮ ಮನೆಯಲ್ಲಂತೂ ಒಂದು ಮಡಿಕೆ ಬಿಚ್ಚದೆ ರದ್ದಿಗೆ ಹೋಗುತ್ತಿತ್ತು.

ಮಾವನನ್ನು ಕೇಳಿದೆ. ‘ಇಷ್ಟು ಜನ ಯಾಕೆ ಬಿಟ್ರು ಅಂತ ಕೇಳಿದೀರಾ ಮಾವ?’

‘ಕೇಳೋದೇನೈತಿ? ಬ್ಯಾಡ ಅಂದ್ರು, ಬಂದ್ ಮಾಡಿದೆ. ಮೊಬೈಲ್ ಬಂದ ಮ್ಯಾಲೆ ಯಾರ್ ಓದ್ತಾರೆ?’

ಅಂದರೆ ಮಾವನೂ ಆ ಖಾಲಿ ಜಾಗವನ್ನು ತುಂಬಿಕೊಂಡಿದ್ದರು. ಪುಸ್ತಕದಲ್ಲಿ ಬರೆದಿರಲಿಲ್ಲ ಅಷ್ಟೇ.

ತಿಂಗಳ ಮೊದಲ ವಾರ ಬಿಲ್ ವಸೂಲಿಗೆ ಮಾವನ ಜೊತೆ ನಾನೂ ಹೊರಟೆ. ಒಂದು ಲೈನ್ ಹಿಡಿದು, ಕೆಂಪು ಗುರುತಿನ ಮನೆಗಳ ಬಾಗಿಲನ್ನೂ ತಟ್ಟಿದೆವು. ಇದೇನು ಸಂಶೋಧನೆ ಅಲ್ಲ. ಸುಮ್ನೆ ಕೇಳಿದ್ದು.

ಎರಡು ಮನೆ ಖಾಲಿ. ಮಕ್ಕಳ ಜೊತೆ ಇರಲು ಬೆಂಗಳೂರಿಗೆ ಹೋಗಿದ್ದಾರೆ. ಅಲ್ಲಿ ಪೇಪರ್ ಹಾಕಿಸಿಕೊಂಡಿದ್ದಾರೋ ಏನೋ, ಇಲ್ಲಿ ‘ಓದುವುದನ್ನು ಬಿಟ್ಟವರು’. ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು ಎರಡನೇ ಮಹಡಿಯಲ್ಲಿದ್ದಾರೆ. ಹೊಸ ಹುಡುಗ ಕೆಳಗಿನಿಂದಲೇ ಎಸೆಯುತ್ತಿದ್ದ, ಪೇಪರ್ ಕೆಳಗಿನ ಮನೆಯ ಸಜ್ಜದ ಮೇಲೆ ಬಿದ್ದು ನೆನೆಯುತ್ತಿತ್ತು. ಮೂರು ಸಲ ಹೇಳಿ, ನಾಲ್ಕನೇ ಸಲ ಬಿಡಿಸಿದರು. ಈಗ ಯಾವುದೋ ಗುಂಪಿನಲ್ಲಿ ಬರುವ ಪಿಡಿಎಫ್ ಓದುತ್ತಾರೆ. ಮೊದಲು ಒಂದು ಪೇಪರ್, ಈಗ ನಾಲ್ಕು. ದುಡ್ಡು ಕೊಡುತ್ತಿಲ್ಲ ಎನ್ನುವುದು ನಿಜ, ಅದು ನನಗೆ ಬೇಸರದ ವಿಷಯವೇ. ಅಷ್ಟೊಂದು ಜನರ ದುಡಿಮೆ ಪುಕ್ಕಟೆ ಹೋಗುತ್ತಿದೆ. ಆದರೆ ‘ದುಡ್ಡು ಕೊಡುವುದನ್ನು ಬಿಟ್ಟರು’ ಬೇರೆ, ‘ಓದುವುದನ್ನು ಬಿಟ್ಟರು’ ಬೇರೆ. ಕಾಯಿಲೆಯನ್ನೇ ತಪ್ಪಾಗಿ ಹೇಳಿದರೆ ಔಷಧಿಯೂ ತಪ್ಪುತ್ತದೆ.

ಇನ್ನೊಂದು ಮನೆಯಲ್ಲಿ ಮಗನ ಕೆಲಸ ಹೋಗಿತ್ತು. ಮೊದಲು ಕೇಬಲ್ ತೆಗೆಸಿದರು, ಆಮೇಲೆ ಪೇಪರ್. ಅಪ್ಪ ಈಗ ದೋಸೆ ಹೋಟೆಲಿನಲ್ಲಿ ಓದುತ್ತಾರೆ. ನೀವೂ ನೋಡಿರುತ್ತೀರಿ. ಒಂದೇ ಪೇಪರ್, ನಾಲ್ಕು ಟೇಬಲ್. ಮುಖಪುಟ ಒಬ್ಬರ ಹತ್ತಿರ, ಆಟದ ಪುಟ ಇನ್ನೊಬ್ಬರ ಹತ್ತಿರ, ಅಂಚಿಗೆ ಬೆಣ್ಣೆಯ ಗುರುತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಎಷ್ಟು ಕೈ ದಾಟಿರುತ್ತದೋ.

ಹಿರಿಯರ ಮಾತು ನಿಜವಾದ ಮನೆಗಳೂ ಇದ್ದವು, ಅದನ್ನೂ ಹೇಳಬೇಕು. ಒಂದು ಗಂಡಹೆಂಡತಿ, ಇಬ್ಬರಿಗೂ ಕೆಲಸ. ಪೇಪರ್ ಇಲ್ಲ, ಟಿ.ವಿ. ಸುದ್ದಿ ಇಲ್ಲ, ಮೊಬೈಲಿನಲ್ಲೂ ಸುದ್ದಿ ನೋಡುವುದಿಲ್ಲ. ‘ನೋಡಿದ್ರೆ ತಲೆ ಕೆಡುತ್ತೆ ಅಣ್ಣ’ ಅಂದರು. ಒಬ್ಬರು ಸಿಟ್ಟಿನಿಂದಲೇ ಬಿಟ್ಟಿದ್ದರು. ಚುನಾವಣೆ ಹೊತ್ತಿನಲ್ಲಿ ಒಬ್ಬ ಅಭ್ಯರ್ಥಿಯ ಹೊಗಳಿಕೆ ಸುದ್ದಿಯ ಹಾಗೆ ಬಂದಿತ್ತಂತೆ. ‘ಜಾಹೀರಾತು ಅಂತ ಹಾಕಿದ್ರೆ ನನಗೇನೂ ಇರ್ಲಿಲ್ಲ’ ಅಂದರು. ಅವರ ಮಾತು ಸರಿಯಾಗಿತ್ತು. ‘ಜಾಹೀರಾತು’ ಎಂದು ಮೇಲೆ ಬರೆಯದೆ ಇದ್ದರೆ ಅದು ಸುದ್ದಿ ಎಂದು ನಾವು ನಂಬಿಕೊಂಡು ಓದುತ್ತೇವೆ. ಈ ನಂಬಿಕೆಯನ್ನೇ ಕಾಸಿಗೆ ಮಾರುವ ಚಾಳಿಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯಲ್ಲಿ 2010ರಲ್ಲೇ ವರದಿ ಆಗಿದೆ. ‘ಕಾಸಿಗಾಗಿ ಸುದ್ದಿ’ ಎಂಬ ಹೆಸರೂ ಆಗಲೇ ಎಲ್ಲರ ಬಾಯಿಗೆ ಬಂತು.

ಕೊನೆಗೆ ಬೇವಿನ ಮರದ ಮನೆ. ಪುಸ್ತಕದಲ್ಲಿ ಅಜ್ಜನ ಹೆಸರಲ್ಲಿತ್ತು. ಅಜ್ಜ ತೀರಿಕೊಂಡ ತಿಂಗಳೇ ಬಂದ್. ಅಜ್ಜಿ ಒಬ್ಬರೇ ಇದ್ದಾರೆ. ಒಳಗೆ ಕರೆದು ನೀರು ಕೊಟ್ಟರು.

‘ಓದೋರು ಹೋದ್ರಲ್ಲಪ್ಪಾ. ನನಗೆಲ್ಲಿ ಓದಾಕ್ ಬರ್ತೈತಿ?’

ಮಾವ ತಲೆ ಆಡಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಜ್ಜಿ ಲೋಟ ತಗೊಳ್ಳುತ್ತಾ ಕೇಳಿದರು, ‘ಭದ್ರಾ ಡ್ಯಾಂ ಎಷ್ಟಡಿ ಆಗೈತಿ ಈಗ?’

ಅಜ್ಜ ದಿನಾ ಬೆಳಿಗ್ಗೆ ಜಗಲಿಯಲ್ಲಿ ಕೂತು ಪೇಪರ್ ಗಟ್ಟಿಯಾಗಿ ಓದುತ್ತಿದ್ದರಂತೆ. ಅಜ್ಜಿ ಒಳಗೆ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದರು. ಊರ ಕಡೆ ಎರಡು ಎಕರೆ ಗದ್ದೆ ಇದೆ, ಕೋರಿಗೆ, ಬೆಳೆಯ ಪಾಲಿಗೆ, ಕೊಟ್ಟಿದ್ದಾರೆ. ಭದ್ರಾ ನಾಲೆಯ ಕೊನೆ ಭಾಗದಲ್ಲಿದೆ. ಲಕ್ಕವಳ್ಳಿಯ ಡ್ಯಾಂ ತುಂಬಿದರೆ 186 ಅಡಿ. ಎಷ್ಟು ತುಂಬಿದೆ, ನಾಲೆಗೆ ಯಾವಾಗ ನೀರು ಬಿಡುತ್ತಾರೆ, ಕೊನೆ ಭಾಗದವರಿಗೆ ತಲುಪುತ್ತದೋ ಇಲ್ಲವೋ, ಇದರ ಮೇಲೆ ಆ ವರ್ಷದ ಭತ್ತ. ಪೇಪರಿನ ಒಂದು ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಬರುವ ಜಲಾಶಯದ ಮಟ್ಟವನ್ನು ಅಜ್ಜ ಎಲ್ಲಕ್ಕಿಂತ ಮೊದಲು ಓದುತ್ತಿದ್ದರು. ಹೆಂಡತಿ ಕೇಳುತ್ತಾರೆ ಎಂದು.

ನಾನು ಮೊಬೈಲಿನಲ್ಲಿ ಹುಡುಕಿ ಹೇಳಿದೆ. ‘ನಿನ್ನೆಗಿಂತ ಜಾಸ್ತಿನೋ ಕಮ್ಮಿನೋ?’ ಎಂದು ಕೇಳಿದರು. ಅದು ನನಗೆ ಗೊತ್ತಿರಲಿಲ್ಲ. ದಿನಾ ಓದುವವರು ಮಾತ್ರ ಕೇಳುವ ಪ್ರಶ್ನೆ ಅದು.

ಅವತ್ತು ರಾತ್ರಿ ತುಂಬಾ ಹೊತ್ತು ಇದನ್ನೇ ಯೋಚಿಸಿದೆ. ಆ ಮನೆಯಲ್ಲಿ ಇದ್ದ ಓದುಗರು ಎಷ್ಟು ಮಂದಿ? ಪ್ರಸಾರ ಎಣಿಸುವ ಎಬಿಸಿ ಸಂಸ್ಥೆ 1948ರಿಂದ ಇದೆ, ಆರು ತಿಂಗಳಿಗೊಮ್ಮೆ ಲೆಕ್ಕ ಕೊಡುತ್ತದೆ. ಅದು ಎಣಿಸುವುದು ಮಾರಾಟವಾದ ಪ್ರತಿ. ಅದಕ್ಕೆ ಈ ಮನೆ ಒಂದು. ಓದುಗರ ಸಮೀಕ್ಷೆ, ಐಆರ್‌ಎಸ್ ಅನ್ನುತ್ತಾರಲ್ಲ, ಅದು ಮನೆಗೆ ಬಂದು ಜನರನ್ನು ಕೇಳುತ್ತಿತ್ತು. ಕಳೆದ ಒಂದು ತಿಂಗಳಲ್ಲಿ ಒಮ್ಮೆ ಈ ದಿನಪತ್ರಿಕೆ ನೋಡಿದ್ದೇನೆ ಎಂದರೂ ನೀವು ಅದರ ಒಟ್ಟು ಓದುಗರ ಲೆಕ್ಕಕ್ಕೆ ಬರುತ್ತಿದ್ದಿರಿ. ನಿನ್ನೆ ಓದಿದವರ ಲೆಕ್ಕ ಬೇರೆ, ಅದು ಬಹಳ ಕಡಿಮೆ ಇರುತ್ತಿತ್ತು. ಜಾಹೀರಾತಿನಲ್ಲಿ ‘ಇಷ್ಟು ಲಕ್ಷ ಓದುಗರು’ ಎಂದು ಕಂಡಾಗ ಯಾವ ಲೆಕ್ಕ ಎಂದು ಕೇಳಬೇಕು. ಹೋಟೆಲಿನಲ್ಲಿ ಒಂದು ಪುಟ ತಿರುವಿದವರೂ ಓದುಗರೇ. ಮೂವತ್ತು ವರ್ಷ ದಿನಾ ಕೇಳಿಸಿಕೊಂಡ ಅಜ್ಜಿ ಮಾತ್ರ ಯಾವ ಲೆಕ್ಕದಲ್ಲೂ ಇಲ್ಲ. ‘ಓದುಗ ಎಂದರೆ ಕಣ್ಣಲ್ಲಿ ಓದುವವನು’ ಎಂಬ ಒಂದು ಸಾಲು ಇಡೀ ಲೆಕ್ಕದ ಅಡಿಯಲ್ಲಿ ಕೂತಿದೆ. ಯಾರೂ ಅದನ್ನು ಬರೆದಿಲ್ಲ, ಯಾರೂ ಅದನ್ನು ಪ್ರಶ್ನಿಸಿಯೂ ಇಲ್ಲ.

ನಾನು ವರದಿಗಾರನಾಗಿದ್ದಾಗ, ನಮ್ಮ ವರದಿ ತಿದ್ದಿ ಪುಟಕ್ಕೆ ಹಾಕುವ ಡೆಸ್ಕಿನವರು ಒಂದು ಮಾತು ಹೇಳುತ್ತಿದ್ದರು. ‘ಓದುಗರು ಕೇಳೋದನ್ನ ಕೊಡಬೇಕಪ್ಪಾ, ನಮಗೆ ಇಷ್ಟ ಆಗೋದನ್ನಲ್ಲ.’ ಕೇಳಲು ಎಷ್ಟು ವಿನಯದ ಮಾತು ಅದು. ಈಗ ಅದಕ್ಕೆ ಯಂತ್ರದ ಬೆಂಬಲವೂ ಸಿಕ್ಕಿದೆ. ಎಷ್ಟು ಜನ ಒತ್ತಿದರು, ಎಷ್ಟು ಸೆಕೆಂಡು ನಿಂತರು, ಎಲ್ಲ ಗೊತ್ತಾಗುತ್ತದೆ. ಡ್ಯಾಂ ಮಟ್ಟ ನೋಡಲು ಎರಡು ಸೆಕೆಂಡು ಸಾಕು. ಸಿನಿಮಾ ನಟನ ಮನೆ ಜಗಳ ಓದಲು ನಾಲ್ಕು ನಿಮಿಷ ಬೇಕು. ‘ಹೆಚ್ಚು ಹೊತ್ತು ನೋಡಿದ್ದು ಹೆಚ್ಚು ಬೇಕಾದದ್ದು’ ಎಂದು ಹಿಡಿದರೆ ಡ್ಯಾಂ ಸೋಲುತ್ತದೆ. ಚನ್ನಗಿರಿ ಅಡಿಕೆ ಧಾರಣೆ, ಮೆಕ್ಕೆಜೋಳದ ರೇಟು, ಬೆಸ್ಕಾಂನವರು ನಾಳೆ ಎಲ್ಲಿ ಕರೆಂಟ್ ತೆಗೆಯುತ್ತಾರೆ, ಯಾರು ತೀರಿಕೊಂಡರು, ಎಲ್ಲವೂ ಸೋಲುತ್ತವೆ. ಇವು ಎರಡು ಸೆಕೆಂಡಿನ ಸುದ್ದಿಗಳು. ಆದರೆ ಇವುಗಳಿಗಾಗಿಯೇ ಪೇಪರ್ ಹಾಕಿಸಿಕೊಳ್ಳುವ ಮನೆಗಳು ಮಾವನ ಪುಸ್ತಕದ ತುಂಬ ಇವೆ.

ಇನ್ನೊಂದೂ ಇದೆ. ಕೊಟ್ಟದ್ದರಲ್ಲಿ ಮಾತ್ರ ಜನ ಆರಿಸಿಕೊಳ್ಳಬಲ್ಲರು. ಸಂತೆಗೆ ಟೊಮೆಟೊ ಮಾತ್ರ ಬಂದರೆ ಎಲ್ಲರ ಚೀಲದಲ್ಲೂ ಟೊಮೆಟೊ. ಅದನ್ನು ನೋಡಿ ಈ ಊರಿಗೆ ಟೊಮೆಟೊ ಅಂದರೆ ಪ್ರಾಣ ಎನ್ನಲು ಬರುತ್ತದಾ?

‘ಯಾರೂ ಪತ್ರ ಬರೆದು ಕೇಳಿಲ್ಲವಲ್ಲ’ ಎನ್ನುವುದು ಡೆಸ್ಕಿನ ಇನ್ನೊಂದು ವಾದ. ಬೇಕಾದವರು ಬರೆಯುತ್ತಾರೆ, ಬರೆಯದವರಿಗೆ ಬೇಡ. ಅಜ್ಜಿ ಬರೆಯುತ್ತಾರಾ? ಬಂದ ಉತ್ತರಗಳನ್ನು ನಂಬಿ ಬರದ ಉತ್ತರಗಳನ್ನು ಮರೆತದ್ದಕ್ಕೆ ಅಮೆರಿಕದ ಒಂದು ದೊಡ್ಡ ಪತ್ರಿಕೆ ದಂಡ ತೆತ್ತಿದೆ. 1936ರ ಅಧ್ಯಕ್ಷರ ಚುನಾವಣೆಗೆ ಮುಂಚೆ ‘ಲಿಟರರಿ ಡೈಜೆಸ್ಟ್’ ಯಾರಿಗೆ ಓಟು ಎಂದು ಕೇಳಿ ಸುಮಾರು 1 ಕೋಟಿ ಜನಕ್ಕೆ ಚೀಟಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಬರೆಯಿತು. 48 ರಾಜ್ಯಗಳಲ್ಲಿ 46ನ್ನು ರೂಸ್‌ವೆಲ್ಟ್ ಗೆದ್ದರು. ವಿಳಾಸ ತಗೊಂಡದ್ದು ತನ್ನ ಚಂದಾದಾರರ ಪಟ್ಟಿ, ಟೆಲಿಫೋನ್ ಪುಸ್ತಕ, ಕಾರು ಇದ್ದವರ ಪಟ್ಟಿ, ಇವುಗಳಿಂದ. ಆ ಬಡತನದ ದಿನಗಳಲ್ಲಿ ಫೋನು, ಕಾರು ಇದ್ದವರು ಯಾರು? ಅದರ ಮೇಲೆ, ಉತ್ತರ ಬರೆದವರೂ ಬರೆಯದವರೂ ಒಂದೇ ಥರ ಎಂದು ಹಿಡಿದರು. ಎರಡು ವರ್ಷದಲ್ಲಿ ಪತ್ರಿಕೆ ನಿಂತುಹೋಯಿತು. ಅವರು ಸೋತದ್ದು ಚೀಟಿ ಎಣಿಸುವುದರಲ್ಲಿ ಅಲ್ಲ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಇದನ್ನು ಇಷ್ಟು ದಿನ ಯಾರಿಗೂ ಬಿಡಿಸಿ ಹೇಳಿರಲಿಲ್ಲ.

ಒಂದು ಹಳ್ಳಿಯಲ್ಲಿ ಕುಡಿಯುವ ನೀರಿನ ಟ್ಯಾಂಕ್ ಎಲ್ಲಿ ಕಟ್ಟಬೇಕು ಎಂದು ಜಗಳವಾಗಿತ್ತು. ನಾನು ಬೈಕಿನಲ್ಲಿ ಹೋದೆ. ಬಸ್‌ಸ್ಟ್ಯಾಂಡಿನ ಟೀ ಅಂಗಡಿ ಹತ್ತಿರ ಹತ್ತು ಹನ್ನೊಂದು ಜನ ಗಂಡಸರು ಇದ್ದರು. ಈಗ ಗುರುತು ಮಾಡಿದ ಜಾಗ ಬೇಡ, ಊರ ಮುಂದೆ ಕಟ್ಟಲಿ ಎಂದರು. ಫೋಟೊ ತೆಗೆದೆ. ಮರುದಿನ ಪೇಪರಿನಲ್ಲಿ ಬಂತು: ‘ಟ್ಯಾಂಕ್ ಸ್ಥಳಾಂತರಕ್ಕೆ ಗ್ರಾಮಸ್ಥರ ಒತ್ತಾಯ’.

ಎರಡು ದಿನದ ನಂತರ ಹರಿಹರದಲ್ಲಿ ಮೂವರು ಹೆಂಗಸರು ನನ್ನನ್ನು ಹುಡುಕಿಕೊಂಡು ಬಂದರು. ಗುರುತು ಮಾಡಿದ ಜಾಗ ಅವರ ಕೇರಿಯ ಹತ್ತಿರ ಇತ್ತು. ಅಲ್ಲಿ ಟ್ಯಾಂಕ್ ಆದರೆ ಅವರಿಗೆ ನೀರು ಹೊರುವುದು ತಪ್ಪುತ್ತಿತ್ತು. ಅವರಲ್ಲಿ ಹಿರಿಯರೊಬ್ಬರು ಪೇಪರ್ ಮಡಚಿ ಸೆರಗಿನಲ್ಲಿ ಇಟ್ಟುಕೊಂಡಿದ್ದರು. ಯಾರ ಹತ್ತಿರವೋ ಓದಿಸಿಕೊಂಡಿದ್ದರು. ಬಿಚ್ಚಿ, ತಲೆಬರಹದ ಮೇಲೆ ಬೆರಳಿಟ್ಟು ಕೇಳಿದರು:

‘ಗ್ರಾಮಸ್ಥರು ಅಂತ ಬರ್ದೀರಿ. ನಾವು ಗ್ರಾಮಸ್ಥರು ಅಲ್ಲೇನ್ರೀ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಸುದ್ದಿಯಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಟೀ ಅಂಗಡಿಯವರು ಗ್ರಾಮಸ್ಥರೇ, ಒತ್ತಾಯ ಮಾಡಿದ್ದೂ ನಿಜ. ಸುಳ್ಳಿದ್ದದ್ದು ಆ ‘ರು’ವಿನಲ್ಲಿ. ‘ಕೆಲವರು’ ಎಂದು ಬರೆದಿದ್ದರೆ ಸುದ್ದಿ ಸಪ್ಪೆಯಾಗುತ್ತಿತ್ತು, ಜಿಲ್ಲಾ ಪುಟದ ಕೆಳಗೆ ಹೋಗುತ್ತಿತ್ತು. ಹನ್ನೊಂದು ಜನರನ್ನು ಇಡೀ ಊರು ಮಾಡಿದ್ದರಿಂದ ಮೇಲೆ ಬಂತು. ಬೇಕೆಂದು ಮಾಡಿರಲಿಲ್ಲ. ಆ ಪದ ಕೈಗೆ ರೂಢಿಯಾಗಿತ್ತು. ಆ ಹೆಂಗಸರ ಮಾತನ್ನೂ ಹಾಕಿ ಇನ್ನೊಂದು ವರದಿ ಕಳಿಸಿದೆ. ಅದು ಚಿಕ್ಕದಾಗಿ ಬಂತು, ಒಳಪುಟದಲ್ಲಿ.

ಅಲ್ಲಿಂದ ಆಚೆ ನನಗೆ ಪೇಪರ್ ಕನ್ನಡದ ಕೆಲವು ಪದಗಳನ್ನು ಕಂಡರೆ ಕೈ ನಿಲ್ಲುತ್ತದೆ. ‘ಸಾರ್ವಜನಿಕರ ಆಕ್ರೋಶ’ ಎಂದರೆ ಎಷ್ಟು ಜನ, ಯಾವ ಬೀದಿಯವರು? ‘ಎನ್ನಲಾಗಿದೆ’ ಎಂದರೆ ಅಂದವರು ಯಾರು? ‘ತಿಳಿದುಬಂದಿದೆ’ ಎಂದರೆ ಯಾರಿಂದ ತಿಳಿಯಿತು? ‘ಓದುಗರು’ ಕೂಡ ಅದೇ ಜಾತಿಯ ಪದ. ಓದುಗರಿಗೆ ಇದು ಬೇಕು, ಓದುಗರು ಬದಲಾಗಿದ್ದಾರೆ, ಓದುಗರಿಗೆ ತಾಳ್ಮೆ ಇಲ್ಲ. ಆ ‘ರು’ವಿನ ಒಳಗೆ ಅಜ್ಜಿ ಇದ್ದಾರಾ ಎಂದು ಕೇಳಿದರೆ ಎಷ್ಟೋ ವಾದಗಳು ಅಲ್ಲೇ ತಡವರಿಸುತ್ತವೆ.

ನನಗೆ ಕಂಡ ಹಾಗೆ, ಪತ್ರಿಕೆ ಮತ್ತು ಓದುಗರ ಬಗ್ಗೆ ನಾವು ಮಾಡುವ ವಾದಗಳಲ್ಲಿ ಹೇಳದೆ ಉಳಿದ ಸಾಲು ಹೆಚ್ಚಾಗಿ ಯಾರೋ ಒಬ್ಬ ಮನುಷ್ಯನ ಬಗ್ಗೆ ಇರುತ್ತದೆ. ಅವನನ್ನು ಯಾರೂ ಕೇಳಿರುವುದಿಲ್ಲ. ಅವನ ಪರವಾಗಿ ನಾವೇ ಉತ್ತರ ಬರೆದುಕೊಂಡಿರುತ್ತೇವೆ.

ಓದುಗರ ಕಡೆಯಿಂದ ಪತ್ರಿಕೆಗಳ ಮೇಲೆ ಬರುವ ವಾದಗಳಲ್ಲೂ ಇದೇ ಕಥೆ. ‘ಜಾಹೀರಾತು ತಗೊಂಡ ಮೇಲೆ ಮುಗೀತು, ಮಾರಿಕೊಂಡ ಹಾಗೇ’ ಎನ್ನುತ್ತಾರೆ. ನಾವು ಕೊಡುವ ಬೆಲೆಯಲ್ಲಿ ಪೇಪರಿನ ಪೂರ್ತಿ ಖರ್ಚು ಹುಟ್ಟುವುದಿಲ್ಲ, ಉಳಿದದ್ದು ಜಾಹೀರಾತಿನಿಂದಲೇ ಬರಬೇಕು. ಜಾಹೀರಾತು ಇಲ್ಲದೆ ನಡೆಸಬಹುದು ಎಂದು 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ತೋರಿಸಿತು. ನಿಜ, ಅದು ದೊಡ್ಡ ಸಂಗತಿ. ಆದರೆ ಅದರಿಂದ ‘ಜಾಹೀರಾತು ಇಲ್ಲದ್ದು ಯಾರ ಹಂಗಿಗೂ ಒಳಗಾಗುವುದಿಲ್ಲ’ ಎಂದು ಹೊರಡುವುದಿಲ್ಲ. ದುಡ್ಡು ಕೊಟ್ಟು ಕೊಳ್ಳುವ ಓದುಗನಿಗೂ ಸಿಟ್ಟು ಬರುತ್ತದೆ, ಅವನೂ ಬಿಡಿಸುತ್ತಾನೆ. ಅವನಿಗೆ ಕಹಿಯಾದದ್ದನ್ನು ಬರೆಯಲು ಬೇರೆಯೇ ಧೈರ್ಯ ಬೇಕು. ಯಾವ ಸುದ್ದಿ, ಯಾವ ಜಾಹೀರಾತು, ಯಾವ ದಿನ ಎಂದು ಹಿಡಿದು ನೋಡಬೇಕು.

‘ಎರಡೂ ಪಕ್ಷದವರು ನಮ್ಮನ್ನು ಬೈತಾರೆ, ಅಂದರೆ ನಾವು ಸರಿಯಾಗಿದ್ದೀವಿ’ ಎಂದು ಪತ್ರಕರ್ತ ಗೆಳೆಯರು ಹೇಳುವುದೂ ಉಂಟು. ನಾನೂ ಹೇಳಿದ್ದೇನೆ. ತಪ್ಪು ಮಾಡಿದರೆ ಯಾರಾದರೂ ಒಬ್ಬರಿಗೆ ಖುಷಿಯಾಗಲೇಬೇಕು ಎಂದು ಅದರೊಳಗೆ ಇದೆ. ಹೆಸರು ತಪ್ಪು ಬರೆದರೂ ಎರಡೂ ಕಡೆಯವರು ಬೈಯುತ್ತಾರೆ.

ಇದನ್ನೆಲ್ಲ ಯೋಚಿಸುವಾಗ ಜಗಳೂರು ನೆನಪಾಗುತ್ತದೆ. ಬರದ ತಾಲ್ಲೂಕು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ತನಕ ಚಿತ್ರದುರ್ಗಕ್ಕೆ ಸೇರಿತ್ತು. ಜಗಳೂರಿನಲ್ಲಿ ಕೊಳವೆಬಾವಿ ಬತ್ತಿದ ಸುದ್ದಿ ಹೆಚ್ಚಾಗಿ ದಾವಣಗೆರೆಯ ಪುಟದಲ್ಲಿ ಬಂದು ಅಲ್ಲೇ ಮುಗಿಯುತ್ತದೆ. ಬೆಂಗಳೂರಿನ ಕಟ್ಟಿನಲ್ಲಿ ಆ ಪುಟವೇ ಇರುವುದಿಲ್ಲ. ‘ಜನಕ್ಕೆ ತಮ್ಮೂರಿನ ಸುದ್ದಿ ಬೇಕು’ ಎಂಬ ಮಾತಿನ ಮೇಲೆ ಜಿಲ್ಲಾ ಪುಟಗಳು ನಿಂತಿವೆ. ಅದು ಸರಿಯೇ. ಆದರೆ ಅದರ ಬೆನ್ನಿಗೇ ‘ಬೇರೆ ಊರಿನದು ಬೇಡ’ ಎಂಬ ಸಾಲೂ ಸದ್ದಿಲ್ಲದೆ ಬಂದು ಸೇರಿಕೊಂಡಿದೆ. ಜಗಳೂರಿನವರು ತಮ್ಮ ಊರಿನಲ್ಲಿ ನೀರಿಲ್ಲ ಎಂದು ತಾವೇ ಓದಿಕೊಳ್ಳುತ್ತಾರೆ. ಅವರಿಗೆ ಅದು ಗೊತ್ತೇ ಇತ್ತು. ಗೊತ್ತಾಗಬೇಕಾದವರು ಇನ್ನೊಂದು ಊರಿನ ಪುಟ ಓದುತ್ತಿದ್ದಾರೆ.

ಆ ದಿನದ ವಸೂಲಿ ಮುಗಿಸಿ ವಾಪಸ್ ಬರುವಾಗ ಮಾವ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, ‘ಆ ಮನಿಗೆ ಮೂವತ್ತು ವರ್ಷ ಹಾಕೀನಿ. ಒಳಗ ಒಬ್ರು ಕುಂತು ಕೇಳ್ತಿದ್ರು ಅಂತ ನನಗ ಗೊತ್ತಾಗ್ಲೇ ಇಲ್ಲ ನೋಡು.’

ಕೆಂಪು ಪೆನ್ನು ಈಗಲೂ ನಿಂತಿಲ್ಲ. ಪ್ರತಿ ತಿಂಗಳು ಎರಡು ಮೂರು ಮನೆ ಹೋಗುತ್ತವೆ. ಕಾರಣ ಗೊತ್ತಾದ ಮಾತ್ರಕ್ಕೆ ಬಿಟ್ಟವರೆಲ್ಲ ವಾಪಸ್ ಬರುವುದಿಲ್ಲ. ಬ್ಯಾಂಕಿನವರು ಬಂದರು, ಹುಡುಗನಿಗೆ ಮೆಟ್ಟಿಲು ಹತ್ತಲು ಹೇಳಿದ ಮೇಲೆ. ಅವರೊಬ್ಬರೇ. ಅಜ್ಜಿಯ ಮನೆ ಹಾದು ಹೋಗುವ ಲೈನ್ ಹುಡುಗ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ ಡ್ಯಾಂ ಎಷ್ಟು ಎಂದು ಕೂಗಿ ಹೇಳಿ ಹೋಗುತ್ತಾನೆ. ನಿನ್ನೆಯದನ್ನೂ ಸೇರಿಸಿ ಹೇಳು ಎಂದು ನಾನು ಹೇಳಿದ್ದೇನೆ.

ಮೊನ್ನೆ ಕರಪತ್ರ ಕೊಡಲು ಹೋದಾಗ ಹುಡುಗನೊಬ್ಬ ಬಂದು, ‘ಅಣ್ಣಾ, ಹಳದಿ ಗೋಡೆ ಮನೆಯವ್ರು ಬ್ಯಾಡ ಅಂದ್ರು’ ಎಂದ. ಮಾವ ಪುಸ್ತಕ ಬಿಚ್ಚಿದರು. ಕೆಂಪು ಪೆನ್ನಿನಲ್ಲಿ ಬಂದ್ ಎಂದು ಬರೆದರು. ‘ಯಾಕಂತೆ?’ ಎಂದು ಕೇಳಿದರು. ಹುಡುಗ ಗೊತ್ತಿಲ್ಲ ಎಂದು ತಲೆ ಆಡಿಸಿ, ಕಟ್ಟು ಕ್ಯಾರಿಯರ್‌ಗೆ ಹಾಕಿಕೊಂಡು ಹೊರಟ. ಮಾವ ಪಕ್ಕದ ಖಾಲಿ ಜಾಗದಲ್ಲಿ ನೀಲಿ ಪೆನ್ನಿನಿಂದ ‘ಕೇಳಬೇಕು’ ಎಂದು ಬರೆದು, ಮುಂದಿನ ಕಟ್ಟಿನ ದಾರ ಕೊಯ್ದರು.